ಮೈಸೂರಿನ ದುಡ್ಡು, ಮೆಟ್ನರ್ ಪಿಯಾನೊ

ಇಯರ್‌ಫೋನ್ ಹಾಕ್ಕೊಂಡೇ ಇದ್ದೀರಿ ಅಂದ್ಕೊಳ್ತೀನಿ. ಈ ಎಪಿಸೋಡಿಗೆ ಅದು ಬೇಕಾಗುತ್ತೆ.

1947. ಲಂಡನ್. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷ ಆಗಿದೆ. 67 ವರ್ಷದ ಒಬ್ಬ ರಷ್ಯನ್ ಸಂಗೀತಗಾರರು ಪಿಯಾನೊ ಮುಂದೆ ಕೂತು ತಮ್ಮದೇ ರಚನೆಗಳನ್ನು ರೆಕಾರ್ಡ್ ಮಾಡಿಸ್ತಿದ್ದಾರೆ. ಐದು ವರ್ಷದ ಹಿಂದೆ ಹೃದಯಾಘಾತ ಆಗಿತ್ತು. ದೊಡ್ಡ ಕಛೇರಿಗಳನ್ನು ಮಾಡುವ ಶಕ್ತಿ ಉಳಿದಿಲ್ಲ. ಹೆಸರು ನಿಕೊಲಾಯ್ ಮೆಟ್ನರ್. ಕಂಪನಿ ಎಚ್‌ಎಂವಿ, ಗ್ರಾಮಫೋನ್ ಮುಂದೆ ಕೂತ ನಾಯಿಯ ಚಿತ್ರದ ಕಂಪನಿ. ಆ ರೆಕಾರ್ಡಿಂಗಿನ ಬಿಲ್ ಕಟ್ಟಿದ್ದು ಮಾತ್ರ ಎಚ್‌ಎಂವಿ ಅಲ್ಲ. ಕಟ್ಟಿದ್ದು ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್.

ಅಂದ್ರೆ ನಮ್ಮ ಶಿವಮೊಗ್ಗ, ನಮ್ಮ ಭದ್ರಾವತಿ ಆಗ ಯಾರ ಸಂಸ್ಥಾನಕ್ಕೆ ಸೇರಿದ್ದವೋ, ಅವರು.

ನಾನು ಓದಿದ್ದು ಬಿ.ಕಾಂ. ಸಂಗೀತ ಕೇಳುವಾಗಲೂ ಖರ್ಚು ಯಾರ ಲೆಕ್ಕದಲ್ಲಿ ಬಿತ್ತು ಅಂತ ನೋಡೋದು ಅಭ್ಯಾಸ ಆಗಿಬಿಟ್ಟಿದೆ. ಹಾಗಾಗಿ ಇವತ್ತು ಎರಡೂ ಇದೆ. ಲೆಕ್ಕವೂ ಇದೆ, ಕೇಳೋದೂ ಇದೆ.

ಮೊದಲು ಮೆಟ್ನರ್ ಯಾರು ಅಂತ ನೋಡೋಣ. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಾಖ್ಮನಿನೊವ್ ಹೆಸರು ನೀವು ಕೇಳಿರಬಹುದು; ಅವರ ಆಪ್ತ ಸ್ನೇಹಿತರು. ರಾಖ್ಮನಿನೊವ್ ಜಗತ್ಪ್ರಸಿದ್ಧರಾದರು, ಮೆಟ್ನರ್ ಆಗಲಿಲ್ಲ. ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ರಷ್ಯಾ ಬಿಟ್ಟರು. ಬರ್ಲಿನ್, ಆಮೇಲೆ ಪ್ಯಾರಿಸ್, ಕೊನೆಗೆ ಲಂಡನ್. ಆ ಕಾಲದ ಯುರೋಪ್ ಹೊಸ ಥರದ ಸಂಗೀತದ ಹಿಂದೆ ಬಿದ್ದಿತ್ತು. ಇವರು ಹಳೆಯ ಕಟ್ಟಡದಲ್ಲೇ ಹೊಸ ಕೋಣೆ ಕಟ್ಟುತ್ತಾ ಕೂತರು. 1935ರಲ್ಲಿ ಹೊಸಬರನ್ನು ಟೀಕಿಸಿ ಒಂದು ಪುಸ್ತಕವನ್ನೇ ಬರೆದರು. ಮಾರ್ಕೆಟಿಂಗ್ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಐಡಿಯಾ ಇರಲಿಲ್ಲ. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ಯುದ್ಧದ ಕಾರಣಕ್ಕೆ ನಿಂತಿತು. ಯುದ್ಧದ ದಿನಗಳಲ್ಲಿ ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೊ ವಾದಕಿಯ ಕುಟುಂಬ ಇವರಿಗೂ ಇವರ ಹೆಂಡತಿಗೂ ಮನೆಯಲ್ಲಿ ಜಾಗ ಕೊಟ್ಟಿತು.

ಅವರು ಬರೆದ ಪಿಯಾನೊ ಸೊನಾಟಾಗಳು 14. ಬೀಥೋವನ್ 32 ಬರೆದಿದ್ದರು. ಬೀಥೋವನ್‌ಗೆ ಹೋಲಿಸಿದರೆ ಅರ್ಧವೂ ಇಲ್ಲ ಅನ್ನಿಸಬಹುದು. ಆದರೆ ಮೆಟ್ನರ್ ಕಾಲಕ್ಕೆ ಸೊನಾಟಾ ಬರೆಯೋದೇ ಹಳೇ ಫ್ಯಾಷನ್ ಆಗಿತ್ತು. ಆಗ ಒಬ್ಬರೇ ಕೂತು 14 ಬರೆದಿದ್ದು ಹಠ.

ಈಗ ಮೈಸೂರಿಗೆ ಬರೋಣ. ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ಅರಮನೆಯಲ್ಲಿ ವೀಣೆಯೂ ಇತ್ತು, ಪಿಯಾನೊವೂ ಇತ್ತು. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲೇ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಒಟ್ಟೊ ಶ್ಮಿಟ್ ಎಂಬ ಜರ್ಮನ್ ನೋಡಿಕೊಳ್ಳುತ್ತಿದ್ದರು. ಹುಡುಗ ಪಿಯಾನೊ ಹಿಡಿದರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. ಕಛೇರಿ ಕೊಡುವ ಪಿಯಾನೊ ವಾದಕ ಆಗಬೇಕು ಅನ್ನೋದು ಅವರ ಆಸೆ. ಆಗಲಿಲ್ಲ. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ. ಸೆಪ್ಟೆಂಬರ್‌ನಲ್ಲಿ ಇವರು ಸಿಂಹಾಸನದ ಮೇಲೆ. ವಯಸ್ಸು 21.

ನಮ್ಮಲ್ಲಿ ಎಷ್ಟು ಜನಕ್ಕೆ 21ರಲ್ಲಿ ಹೀಗೇ ಆಗಿಲ್ಲ ಹೇಳಿ. ಸಿಂಹಾಸನ ಅಲ್ಲ ಬಿಡಿ, ಅಂಗಡಿ, ತೋಟ, ಅಪ್ಪನ ಜಾಗದಲ್ಲಿ ಅನುಕಂಪದ ನೌಕರಿ. ವ್ಯತ್ಯಾಸ ಏನಂದ್ರೆ, ಇವರ ಹತ್ರ ದುಡ್ಡಿತ್ತು. ತಾವು ನುಡಿಸಲಾಗದ ಸಂಗೀತವನ್ನು ಬೇರೆಯವರ ಕೈಯಲ್ಲಿ ನುಡಿಸಿ ಉಳಿಸುವಷ್ಟು ದುಡ್ಡು.

ಅವರ ಅರಮನೆಯ ರೆಕಾರ್ಡ್ ಸಂಗ್ರಹ, ಸಾಲಾಗಿ ಇಟ್ಟ ಲೌಡ್‌ಸ್ಪೀಕರ್‌ಗಳು, ದೊಡ್ಡ ಪಿಯಾನೊಗಳು, ಇದನ್ನೆಲ್ಲ ಕಣ್ಣಾರೆ ಕಂಡು ಬೆರಗಾಗಿ ಬರೆದಿಟ್ಟವರು ವಾಲ್ಟರ್ ಲೆಗ್. ಇವರು ಎಚ್‌ಎಂವಿ ಗುಂಪಿನ ದೊಡ್ಡ ರೆಕಾರ್ಡ್ ನಿರ್ಮಾಪಕರು, 1945ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯಾ ವಾದ್ಯವೃಂದ ಕಟ್ಟಿದವರು. ಲೆಗ್ ಮೈಸೂರಿಗೆ ಬಂದರು, ಮಹಾರಾಜರ ಜೊತೆ ಮಾತಾಡಿದರು. ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡ್, ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. ಮೆಟ್ನರ್ ರೆಕಾರ್ಡುಗಳ ಖರ್ಚು ಬೇರೆ. ಆ ರೆಕಾರ್ಡುಗಳಿಗಾಗಿ 'ಮೆಟ್ನರ್ ಸೊಸೈಟಿ' ಅಂತಲೇ ಶುರುವಾಯಿತು. ಮೂರು ಪಿಯಾನೊ ಕನ್ಚರ್ಟೊ, ಹಾಡುಗಳು, ಬಿಡಿ ಪಿಯಾನೊ ರಚನೆಗಳು, ಜೊತೆಗೆ ಮೆಟ್ನರ್ ತಾವೇ ನುಡಿಸಿದ 'ಸೊನಾಟಾ-ಬಲ್ಲಾಡಾ'. ಮೆಟ್ನರ್ ತಮ್ಮ ಮೂರನೇ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ಇವತ್ತಿಗೂ ಆ ಸ್ವರಲಿಪಿ ತೆರೆದರೆ ಅಲ್ಲಿ ಮೈಸೂರಿನ ಹೆಸರಿದೆ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸ್ತೀನಿ, ಅದಕ್ಕೇ ಬೇರೆ ಎಪಿಸೋಡ್ ಬೇಕು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ವೇದಿಕೆಗೆ ಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಖಾತ್ರಿ ನಿಂತಿದ್ದೂ ಇದೇ ಮಹಾರಾಜರು. ಅವರು ಅಲ್ಲಿ ಕೂತು ಕೇಳಲಿಲ್ಲ. ಅವರಿಗೋಸ್ಕರ ರೆಕಾರ್ಡ್ ಮಾಡಿ ಕಳಿಸಿದರು.

ಸರಿ, ಲೆಕ್ಕ. ಆಗ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್. ಅಂದ್ರೆ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆಯಷ್ಟು. ಹತ್ತು ಸಾವಿರ ಪೌಂಡ್ ಅಂದ್ರೆ ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. ಮೂರು ವರ್ಷಕ್ಕೆ 4 ಲಕ್ಷ. ಹೋಲಿಕೆಗೆ: ಸಂಸ್ಥಾನ ವಿಲೀನವಾದ ಮೇಲೆ ಮೈಸೂರು ಮಹಾರಾಜರಿಗೆ ಭಾರತ ಸರ್ಕಾರ ನಿಗದಿ ಮಾಡಿದ ರಾಜಧನ ವರ್ಷಕ್ಕೆ 26 ಲಕ್ಷ. ಅದರ ಲೆಕ್ಕದಲ್ಲಿ ನೂರಕ್ಕೆ ಐದು ರೂಪಾಯಿ ಲಂಡನ್ನಿನ ಒಂದು ವಾದ್ಯವೃಂದಕ್ಕೆ. ತೀರಾ ದೊಡ್ಡದಲ್ಲ, ಚಿಲ್ಲರೆಯೂ ಅಲ್ಲ.

ಇಲ್ಲಿ ಭದ್ರಾವತಿ ಬರುತ್ತೆ. ಬೆಂಕಿಪುರ ಅಂತಿದ್ದ ಆ ಊರಲ್ಲಿ 1923ರ ಜನವರಿಯಲ್ಲಿ ಮೈಸೂರು ಐರನ್ ವರ್ಕ್ಸ್ ಕೆಲಸ ಶುರು ಮಾಡಿತು. ಅದು ಖಾಸಗಿ ಕಂಪನಿ ಅಲ್ಲ, ಸಂಸ್ಥಾನದ್ದೇ. ಅದಿರು ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಕಲ್ಲಿದ್ದಲಲ್ಲ, ಮರದ ಇದ್ದಿಲು, ನಮ್ಮ ಮಲೆನಾಡಿನ ಕಾಡಿನ ಮರದ್ದು. ಮೊದಲ ವರ್ಷಗಳಲ್ಲಿ ನಷ್ಟ, ಬೈಗುಳ, ವಿಶ್ವೇಶ್ವರಯ್ಯನವರು ಬಂದು ನಿಂತು ಸರಿಮಾಡಿದ್ದು, ಇದೆಲ್ಲ ಭದ್ರಾವತಿಯ ಪ್ರತಿ ಮನೆಯಲ್ಲೂ ಗೊತ್ತಿರೋ ಕಥೆ. ಕಬ್ಬಿಣದ ದುಡ್ಡೇ ನೇರವಾಗಿ ಮೆಟ್ನರ್ ಕೈಗೆ ಹೋಯ್ತು ಅಂತ ನಾನು ಹೇಳ್ತಿಲ್ಲ. ದುಡ್ಡು ಹಾಗೆ ಹೋಗೋದಿಲ್ಲ. ಆದರೆ ಅರಮನೆಯ ಖರ್ಚಿಗೆ ಸಂಸ್ಥಾನದ ಬೊಕ್ಕಸದಿಂದ ಪ್ರತಿ ವರ್ಷ ಹಣ ಹೋಗ್ತಿತ್ತು. ಬೊಕ್ಕಸಕ್ಕೆ ಬರ್ತಿದ್ದದ್ದು ಕಂದಾಯ. ಅಡಿಕೆ ತೋಟದ್ದು, ಗದ್ದೆಯದ್ದು, ಕಾಡಿನದ್ದು. ಆ ಪಿಯಾನೊದ ದುಡ್ಡು ಎಲ್ಲಿಂದ ಹುಟ್ಟಿತು ಅಂತ ಹುಡುಕಿಕೊಂಡು ಹೋದರೆ ಕೊನೆಗೆ ಯಾರದೋ ಗದ್ದೆಯ ಬದುವಿಗೇ ಬರ್ತೀವಿ.

ಗದ್ದೆ ಅಂದ ತಕ್ಷಣ ಈಸೂರು ಹೇಳದೇ ಹೋಗೋಕೆ ಆಗಲ್ಲ. ನಮ್ಮದೇ ಜಿಲ್ಲೆ, ಶಿಕಾರಿಪುರ ತಾಲ್ಲೂಕು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತಾವು ಸ್ವತಂತ್ರರು ಅಂತ ಘೋಷಿಸಿಕೊಂಡ ಹಳ್ಳಿ. ಕಂದಾಯ ಕೊಡಲ್ಲ ಅಂದ ಹಳ್ಳಿ. ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಆಮೇಲೆ ಪೊಲೀಸರು, ಸೈನ್ಯ ಹಳ್ಳಿಗೆ ನುಗ್ಗಿದ್ದು, ಜನ ಕಾಡಿಗೆ ಓಡಿದ್ದು. 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಈಸೂರಿನ ಐದು ಜನರಿಗೆ ಗಲ್ಲು. ಗಲ್ಲಿಗೆ ಹಾಕಿದ್ದು ಮೈಸೂರು ಸಂಸ್ಥಾನ. ಆಗ ಮಹಾರಾಜರು ಇದೇ ಜಯಚಾಮರಾಜ ಒಡೆಯರ್, 23 ವರ್ಷ. ಮುಂದೆ ಅವರ ಹೆಸರಿಗೆ ಅರ್ಪಣೆಯಾದ ಕನ್ಚರ್ಟೊವನ್ನು ಮೆಟ್ನರ್ ಇಂಗ್ಲೆಂಡಿನಲ್ಲಿ ಬರೆದು ಮುಗಿಸಿದ್ದು ಅದೇ 1943ರಲ್ಲಿ.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೆಲವರಿಗೆ ಸಿಟ್ಟು ಬರುತ್ತೆ. ಒಂದು ಕಡೆಯವರು, 'ಅಷ್ಟು ಸಂಸ್ಕಾರವಂತ ದೊರೆಗೆ ಮಸಿ ಬಳೀತೀಯಾ' ಅಂತಾರೆ. ಇನ್ನೊಂದು ಕಡೆಯವರು, 'ಜನರ ದುಡ್ಡಲ್ಲಿ ಬಿಳಿಯರ ಪಿಯಾನೊ' ಅಂತ ನಗ್ತಾರೆ. ನನಗೆ ಎರಡೂ ಸಾಲದು. ಆ ಖರ್ಚು ಒಳ್ಳೆಯ ಖರ್ಚೇ. ಅದಿಲ್ಲದೇ ಹೋಗಿದ್ದರೆ ತಮ್ಮ ದೊಡ್ಡ ರಚನೆಗಳನ್ನು ಮೆಟ್ನರ್ ಹೇಗೆ ನುಡಿಸುತ್ತಿದ್ದರು ಅಂತ ನಮಗೆ ಇಷ್ಟು ಗೊತ್ತಾಗುತ್ತಲೇ ಇರಲಿಲ್ಲ. ಅವರು 1951ರ ನವೆಂಬರ್ 13ರಂದು ತೀರಿಕೊಂಡರು. ನಾಲ್ಕೇ ವರ್ಷದ ಅವಕಾಶ ಇತ್ತು. ಆದರೆ ಖರ್ಚು ಕಟ್ಟಿದವರ ಪಟ್ಟಿಯಲ್ಲಿ ಒಡೆಯರ್ ಒಬ್ಬರದೇ ಹೆಸರು ಬರೆಯೋದು ನನ್ನ ಪ್ರಕಾರ ಅಪೂರ್ಣ ಲೆಡ್ಜರ್. ಶಿವಮೊಗ್ಗ ಜಿಲ್ಲೆಯ ರೈತನೂ ಆ ಪಟ್ಟಿಯಲ್ಲಿದ್ದಾನೆ. ಅವನನ್ನು ಯಾರೂ ಕೇಳಿರಲಿಲ್ಲ, ಅವನಿಗೆ ಆ ಸಂಗೀತ ಯಾರೂ ಕೇಳಿಸಲೂ ಇಲ್ಲ. ಅವನ ಮೊಮ್ಮಕ್ಕಳು ನಾವು. ಈಗ ನಮ್ಮ ಫೋನಿನಲ್ಲಿ ಅದು ಬಿಟ್ಟಿಯಾಗಿ ಇದೆ. ನಮ್ಮ ಪಾಲಿನದು ಅಂತ ಕೇಳೋದ್ರಲ್ಲಿ ಸಂಕೋಚ ಏನು?

ಹಾಗಾದ್ರೆ ಹೇಗೆ ಕೇಳೋದು? ಈ ಪ್ರಶ್ನೆಗೆ ನಾನು ಜಾಸ್ತಿ ಸಮಯ ತಗೊಳ್ತೀನಿ.

ಸೊನಾಟಾ ಅನ್ನೋ ಇಟಾಲಿಯನ್ ಪದದ ಅರ್ಥ 'ನುಡಿಸಿದ್ದು'. ಹಾಡಿದ್ದಲ್ಲ. ಮಾತಿಲ್ಲ. ಮೊದಲ ಸಲ ಕೇಳಿದಾಗ 'ಸುಮ್ಮನೆ ಏನೋ ನುಡಿಸ್ತಾ ಹೋಗ್ತಿದ್ದಾರೆ' ಅನ್ನಿಸೋದು ಅದಕ್ಕೇ. ಹಿಡಿಯೋಕೆ ಒಂದು ಗೂಟ ಬೇಕು. ಆ ಗೂಟ ನಮ್ಮ ಸಂಗೀತದಿಂದಲೇ ಸಿಗುತ್ತೆ. ನಮ್ಮ ಕಛೇರಿಯಲ್ಲಿ ತಂಬೂರಿ ಹಿಡಿದ ಶ್ರುತಿ ಕೊನೇವರೆಗೂ ಕದಲಲ್ಲ, ಅಲ್ವಾ? ಷಡ್ಜ ಅಂದ್ರೆ ಮನೆ. ಗಾಯಕ ಎಷ್ಟು ಸುತ್ತಾಡಿದರೂ ಮನೆ ಅಲ್ಲೇ ಇರುತ್ತೆ. ಗ್ರಹಭೇದ ಅಂತ ಮಾಡ್ತಾರೆ, ಆದರೆ ಅದು ಕೆಲವು ಕ್ಷಣದ ಚಮತ್ಕಾರ. ಸೊನಾಟಾದಲ್ಲಿ ಮನೆಯೇ ಜಾಗ ಬದಲಿಸುತ್ತೆ. ಅದೇ ಅಲ್ಲಿನ ನಾಟಕ.

ಸಾಮಾನ್ಯವಾಗಿ ಹೀಗೆ. ಮೊದಲು ಒಂದು ಧಾಟಿ ಬರುತ್ತೆ, ಒಂದು ಷಡ್ಜದ ಮೇಲೆ. ಅದಕ್ಕೆ ಕಿವಿ ಹೊಂದಿಕೊಂಡಿತು ಅನ್ನುವಾಗ ಸಂಗೀತ ಮೆಲ್ಲಗೆ ನೆಲ ಜರುಗಿಸುತ್ತೆ. ಇನ್ನೊಂದು ಧಾಟಿ ಬರುತ್ತೆ, ಬೇರೆ ಷಡ್ಜದ ಮೇಲೆ, ಬೇರೆ ಸ್ವಭಾವದ್ದು. ಮಧ್ಯಭಾಗದಲ್ಲಿ ಎರಡನ್ನೂ ಒಡೆದು, ತಿರುಗಿಸಿ, ಒಂದರ ಮೇಲೊಂದು ಹೇರಿ, ಎಲ್ಲೆಲ್ಲೋ ಸುತ್ತಿಸ್ತಾರೆ. ಆಮೇಲೆ ಮೊದಲ ಧಾಟಿ ಮನೆಗೆ ವಾಪಸ್ ಬರುತ್ತೆ. ಎರಡನೆಯದೂ ಬರುತ್ತೆ, ಆದರೆ ಈ ಸಲ ಅದು ಮೊದಲನೆಯದರ ಮನೆಯಲ್ಲೇ. ಎಲ್ಲೋ ಪರವೂರಲ್ಲಿ ಕಂಡ ಮನುಷ್ಯ ನಮ್ಮ ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಿದ್ದರೆ ಹೇಗಿರುತ್ತೆ, ಹಾಗೆ. ಮುಖ ಅದೇ, ಬೆಳಕು ಬೇರೆ.

ಮೆಟ್ನರ್ ಈ ಆಟದಲ್ಲಿ ಮಹಾ ಜಿಪುಣ. ಒಂದು ಸ್ವರವನ್ನೂ ಬಿಸಾಡಲ್ಲ. ಶುರುವಿನಲ್ಲಿ ಬಂದ ಚಿಕ್ಕ ತುಂಡು ಕೊನೆಯ ಪುಟದಲ್ಲಿ ಎಡಗೈಯಲ್ಲಿ ಗೊತ್ತಾಗದ ಹಾಗೆ ನಡೀತಿರುತ್ತೆ. ಎರಡು ಧಾಟಿಗಳನ್ನು ಏಕಕಾಲಕ್ಕೆ ಎರಡು ಕೈಗೆ ಕೊಡೋದು ಅವರಿಗೆ ಬಹಳ ಇಷ್ಟ. ಮೊದಲ ಸಲ ಕೇಳಿದಾಗ ಇದು ಸಿಗಲ್ಲ, ಮೂರನೇ ಸಲಕ್ಕೆ ಸಿಗುತ್ತೆ. ಸಿಕ್ಕಾಗ ಫೋನ್ ಹಿಂದಕ್ಕೆ ಓಡಿಸಿ ಮತ್ತೆ ಕೇಳ್ತೀರಿ.

ಶುರು ಮಾಡೋದಾದ್ರೆ 'ಸೊನಾಟಾ ರೆಮಿನಿಸೆಂಜಾ', ಓಪಸ್ 38ರ ಮೊದಲನೆಯದು. 'ಮರೆತ ಧಾಟಿಗಳು' ಎಂಬ ಮಾಲೆಯಲ್ಲಿ ಬರುತ್ತೆ. ರೆಮಿನಿಸೆಂಜಾ ಅಂದ್ರೆ ನೆನಪು. ಒಂದೇ ಭಾಗ, 15 ನಿಮಿಷದ ಆಸುಪಾಸು. ಬರೆದದ್ದು 1918ರಿಂದ 1920ರ ನಡುವೆ, ರಷ್ಯಾದ ಅತ್ಯಂತ ಕೆಟ್ಟ ವರ್ಷಗಳಲ್ಲಿ, ದೇಶ ಬಿಡುವುದಕ್ಕೆ ಸ್ವಲ್ಪ ಮೊದಲು. ಶುರುವಿಗೆ ಒಂದು ಸಣ್ಣ, ಸಮನಾಗಿ ಹರಿಯುವ ಧಾಟಿ. ಏನೂ ಆಗ್ತಿಲ್ಲ ಅನ್ನಿಸುವಷ್ಟು ಸರಳ. ಅದನ್ನು ಚೆನ್ನಾಗಿ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಿ. ಮಧ್ಯದಲ್ಲಿ, ಗಲಾಟೆ ಶುರುವಾಗುವ ಮುಂಚೆ, ಅದು ಒಮ್ಮೆ ಬರುತ್ತೆ. ಎಲ್ಲ ಮುಗಿದ ಮೇಲೆ ಕೊನೆಗೆ ಮತ್ತೆ ಬರುತ್ತೆ. ಸ್ವರಗಳು ಅವೇ. ಮೊದಲ ಸಲ ಅದು ಸುಮ್ಮನೆ ಒಂದು ಧಾಟಿ, ಕೊನೆಯ ಸಲ ಮಾತ್ರ ಹಾಗಲ್ಲ. ನಡುವೆ ನಡೆದದ್ದನ್ನು ನೀವೂ ಕೇಳಿರ್ತೀರಲ್ಲ. ಶಿವಮೊಗ್ಗದಿಂದ ಭದ್ರಾವತಿ ಬಸ್ಸಿನಲ್ಲಿ ಇದು ಆರಾಮಾಗಿ ಎರಡು ಸಲ ಮುಗಿಯುತ್ತೆ. ಡ್ರೈವರ್ ಹಾಕಿದ ಹಾಡಿನ ಸೌಂಡಿಗೆ ಮಾತ್ರ ನಾನು ಜವಾಬ್ದಾರ ಅಲ್ಲ. ಎಮಿಲ್ ಗಿಲೆಲ್ಸ್ ನುಡಿಸಿದ್ದು ಹುಡುಕಿ. ನಿಧಾನ, ಅವಸರವೇ ಇಲ್ಲ.

ಎರಡನೆಯದು 'ಸೊನಾಟಾ-ಸ್ಕಾಜ್ಕಾ', ಓಪಸ್ 25ರ ಮೊದಲನೆಯದು. ಸ್ಕಾಜ್ಕಾ ಅಂದ್ರೆ ರಷ್ಯನ್ ಭಾಷೆಯಲ್ಲಿ ಅಜ್ಜಿಕಥೆ, ಜನಪದ ಕಥೆ. ಇದೇ ಹೆಸರಲ್ಲಿ ಮೆಟ್ನರ್ ಮೂವತ್ತಕ್ಕೂ ಹೆಚ್ಚು ಬಿಡಿ ರಚನೆ ಮಾಡಿದ್ದಾರೆ. ಇದನ್ನು ಕೇಳುವಾಗ ನನಗೆ ತುಂಗೆಯ ದಂಡೆಯ ಹೊಸಹಳ್ಳಿ ನೆನಪಾಗುತ್ತೆ, ಗಮಕದ ಹೊಸಹಳ್ಳಿ. ಕುಮಾರವ್ಯಾಸನ ಪದ್ಯ ಓದುವಾಗ ಯುದ್ಧ ಬಂದರೆ ಒಂದು ರಾಗ, ದುಃಖ ಬಂದರೆ ಇನ್ನೊಂದು. ಕಥೆ ತಿರುಗಿದ ಕಡೆ ರಾಗವೂ ತಿರುಗುತ್ತೆ. ಸ್ಕಾಜ್ಕಾ ಸೊನಾಟಾದಲ್ಲಿ ಪದ್ಯ ಇಲ್ಲ, ಬರೀ ತಿರುವುಗಳಿವೆ. ಗಮಕಿ ಪದ್ಯ ಬಿಟ್ಟು ರಾಗ ಮಾತ್ರ ಓದಿದರೆ ಹೇಗೋ ಹಾಗೆ. ಹನ್ನೆರಡು ನಿಮಿಷದಷ್ಟು, ಮೂರು ಭಾಗ. ಚಿಕ್ಕದು, ಚುರುಕು.

ಅದೇ ಓಪಸ್ 25ರ ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. ಹೆಸರು 'ರಾತ್ರಿಯ ಗಾಳಿ'. ಅರ್ಧ ಗಂಟೆಗೂ ಮೇಲೆ. ರಾಖ್ಮನಿನೊವ್‌ಗೆ ಅರ್ಪಿಸಿದ್ದು. ನುಡಿಸೋಕೆ ಎಷ್ಟು ಕಷ್ಟ ಅಂದ್ರೆ ಬಹಳ ಜನ ಮುಟ್ಟೋದೇ ಇಲ್ಲ. ಅದರ ಮೊದಲ ಅರ್ಧದ ಎಣಿಕೆ ಹದಿನೈದರದು: ಐದು ಪೆಟ್ಟು, ಪ್ರತಿ ಪೆಟ್ಟಿನಲ್ಲಿ ಮೂರು. ಯುರೋಪಿನವರಿಗೆ ಇದು ಗಾಬರಿ ಹುಟ್ಟಿಸುವ ತಾಳ. ಖಂಡ ಛಾಪು ಕೇಳಿ ಬೆಳೆದವರಿಗೆ ಐದು ಹೊಸದೇನಲ್ಲ, ತೊಡೆ ಮೇಲೆ ಹಾಕ್ತಾ ಕೇಳಿ. ಮಲೆನಾಡಿನ ಆಷಾಢದ ರಾತ್ರಿ, ಕರೆಂಟ್ ಇಲ್ಲದೆ, ಹಂಚಿನ ಮೇಲೆ ಗಾಳಿ ನುಗ್ಗುವ ಸದ್ದು ಕೇಳಿದವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಮಾರ್ಕ್-ಆಂದ್ರೆ ಹ್ಯಾಮ್ಲಿನ್ ಅವರ ರೆಕಾರ್ಡಿಂಗ್ ಒಳ್ಳೆಯದು. ಅವರು 14 ಸೊನಾಟಾಗಳನ್ನೂ ನುಡಿಸಿದ್ದಾರೆ.

ಇಷ್ಟಾದ ಮೇಲೆ ಮೈಸೂರು ದುಡ್ಡಿನ 'ಸೊನಾಟಾ-ಬಲ್ಲಾಡಾ', ಓಪಸ್ 27. ಯೂಟ್ಯೂಬಿನಲ್ಲಿ 'ಮೆಟ್ನರ್ ಪ್ಲೇಸ್ ಮೆಟ್ನರ್' ಅಂತ ಹುಡುಕಿ. ಚರಚರ ಸದ್ದು ಇರುತ್ತೆ, ಸಹಿಸಿಕೊಳ್ಳಿ. 78 ವೇಗದ ಪ್ಲೇಟಿನ ಒಂದು ಬದಿಗೆ ನಾಲ್ಕು ನಿಮಿಷ ಚಿಲ್ಲರೆ ಅಷ್ಟೇ ಹಿಡಿಸ್ತಿದ್ದದ್ದು. ಇಪ್ಪತ್ತು ನಿಮಿಷಕ್ಕೂ ಮೇಲಿನ ಸೊನಾಟಾ ಅಂದ್ರೆ ಕೇಳುವವರು ನಾಲ್ಕೈದು ಸಲ ಎದ್ದು ಪ್ಲೇಟ್ ತಿರುಗಿಸಬೇಕು. ನಮಗೆ ಆ ಕಷ್ಟ ಇಲ್ಲ. ಹೊಸ ವಾದಕರು ಇದನ್ನು ಮೆರೆಸಿ ನುಡಿಸ್ತಾರೆ. ಮುದುಕ ಮೆಟ್ನರ್ ಮೆರೆಸಲ್ಲ. ಶುರುವಿನ ಧಾಟಿಯನ್ನು ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ನುಡಿಸ್ತಾರೆ. ಮಧ್ಯದ ನಿಧಾನ ಭಾಗಕ್ಕೆ ಬಂದಾಗ ಧ್ವನಿ ಇನ್ನೂ ತಗ್ಗುತ್ತೆ, ಅಲ್ಲಿಂದ ಕೊನೆಯ ಭಾಗಕ್ಕೆ ನಿಲ್ಲಿಸದೇ ಹೋಗ್ತಾರೆ. ಬೆರಳು ಇನ್ನೂ ಗಟ್ಟಿಯಿದೆ. ಹೃದಯ ಕೈಕೊಟ್ಟ ಮನುಷ್ಯ ಅಂತ ಕೇಳಿದರೆ ಗೊತ್ತಾಗಲ್ಲ.

ಇತ್ತ ಮಹಾರಾಜರು ಏನು ಮಾಡಿದರು? ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು, 94 ಕೃತಿ, 'ಶ್ರೀವಿದ್ಯಾ' ಅಂಕಿತದಲ್ಲಿ. ಮನೆ ಕದಲುವ ಸಂಗೀತ ಕಲಿತವರು ಶ್ರುತಿ ಕದಲದ ಸಂಗೀತಕ್ಕೆ ಬಂದರು. ಅವರ ತಂಗಿ, ಪಿಯಾನೊ ಕಲಿತ ರಾಜಕುಮಾರಿ ವಿಜಯಾದೇವಿ, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಒಡೆಯರ್ 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ರಾಜಧನ 1971ರಲ್ಲಿ ನಿಂತಿತು. ಅವರು ತೀರಿಕೊಂಡದ್ದು 1974ರ ಸೆಪ್ಟೆಂಬರ್‌ನಲ್ಲಿ.

ಭದ್ರಾವತಿಯ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದರ ಕಥೆ ಇದೇ ವೆಬ್‌ಸೈಟಿನ ಸುದ್ದಿ ಪುಟಗಳಲ್ಲಿ ನೀವು ಓದ್ತಾ ಇದ್ದೀರಿ.

ಕೇಳುವ ಕ್ರಮ ಇನ್ನೊಮ್ಮೆ ಹೇಳ್ತೀನಿ, ಬರ್ಕೊಳ್ಳಿ: ಮೊದಲು ರೆಮಿನಿಸೆಂಜಾ, ಆಮೇಲೆ ಸ್ಕಾಜ್ಕಾ, ಆಮೇಲೆ ಮೆಟ್ನರ್ ಕೈಯಲ್ಲೇ ಬಲ್ಲಾಡಾ. 'ರಾತ್ರಿಯ ಗಾಳಿ' ಮಳೆಗಾಲಕ್ಕೆ ಇಟ್ಟುಕೊಳ್ಳಿ. ರೆಮಿನಿಸೆಂಜಾದ ಆ ಮೊದಲ ಧಾಟಿ ಮಧ್ಯದಲ್ಲಿ ಎಷ್ಟನೇ ನಿಮಿಷಕ್ಕೆ ಬಂತು ಅಂತ ಕೇಳಿ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಸ್ಟ್ರಾಸ್ ಹಾಡುಗಳ ವಿಷಯ, ಮೈಸೂರಿಗೆ ಬಂದ ಆ ರೆಕಾರ್ಡಿನಿಂದ ಶುರು ಮಾಡ್ತೀನಿ.